ಸಹಾಯ ಬೇಕು: ಹೊಲದಲ್ಲಿ ಸಿಕ್ಕ ಈ ಕಲ್ಲು ಪಳೆಯುಳಿಕೆಯಾ?

ಎಲ್ಲರಿಗೂ ನಮಸ್ಕಾರ. ಲೋಕಾಪುರದ ಹತ್ತಿರ ನಮ್ಮ ಹೊಲದ ಬದು ಸರಿಮಾಡುವಾಗ ಒಂದು ಬೂದು ಕಲ್ಲು ಸಿಕ್ಕಿದೆ. ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು. ಒಡೆದ ಕಡೆ ನೋಡಿದರೆ ಕೊಯ್ದ ಈರುಳ್ಳಿ ಹಾಗೆ ಪದರ ಪದರ, ಎಲ್ಲವೂ ಒಂದೇ ದಿಕ್ಕಿಗೆ ಉಬ್ಬಿವೆ. ಅಪ್ಪ ಆಗಲೇ ಅದನ್ನು ಬಾಗಿಲಿಗೆ ಒತ್ತು ಇಟ್ಟಿದ್ದರು, ಕಿತ್ತುಕೊಂಡು ಬಂದೆ.

ನಮ್ಮ ಕಲಾದಗಿ ಸೀಮೆಯ ಸುಣ್ಣಕಲ್ಲಿನಲ್ಲಿ ಸ್ಟ್ರೊಮ್ಯಾಟೊಲೈಟ್ ಇವೆ ಅಂತ ಓದಿದ್ದೆ. ನೂರು ಕೋಟಿ ವರ್ಷಕ್ಕೂ ಹಿಂದೆ ಸೂಕ್ಷ್ಮಜೀವಿಗಳ ಲೋಳೆ ಹೂಳು ಹಿಡಿದು ಹಿಡಿದು ಕಟ್ಟಿದ ಉಬ್ಬುಗಳು. ಅಂದಿನಿಂದ ಇದೇ ತಲೆಯಲ್ಲಿ ಕೂತಿದೆ.

ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿ ತೊಳೆದೆ. ಸುಣ್ಣಕಲ್ಲಾದರೆ ಗುಳ್ಳೆ ಏಳುತ್ತವೆ ಅಂತ ನಿಂಬೆರಸ ಬಿಟ್ಟೆ, ಏನೂ ಆಗಲಿಲ್ಲ. ಮೊಳೆಯಿಂದ ಕೆರೆದ ಪುಡಿಗೆ ಬಿಟ್ಟಾಗ ಮಾತ್ರ ಸಣ್ಣಗೆ ಗುಳ್ಳೆ ಎದ್ದವು. ಡಾಲೊಮೈಟ್ (ಸುಣ್ಣಕಲ್ಲಿನಂಥದ್ದೇ, ಆದರೆ ಹುಳಿಗೆ ಬೇಗ ಗುಳ್ಳೆ ಏಳದ ಕಲ್ಲು) ಇರಬಹುದು. ನಡುವೆ ಎದ್ದು ಕಾಣುವ ಕಪ್ಪು ಗೆರೆಗಳ ಮೇಲೆ ಮೊಳೆ ಗೀರೇ ಬೀಳುವುದಿಲ್ಲ.

ಗೊಂದಲ ಇಷ್ಟೇ. ನೆಲದ ಒತ್ತಡಕ್ಕೆ ಬಾಗಿದ ಬರೀ ಪದರಗಳೂ ಹೀಗೇ ಕಾಣುತ್ತವೆ ಅಲ್ವಾ? ಕಲ್ಲು ಬಿಡಿಯಾಗಿ ಸಿಕ್ಕಿದ್ದು, ಮೇಲ್ಮುಖ ಯಾವುದೋ ಗೊತ್ತಿಲ್ಲ. ಪದರ ನೆತ್ತಿಯಲ್ಲಿ ದಪ್ಪ, ಅಂಚಿನಲ್ಲಿ ತೆಳು.

ಇದು ಸ್ಟ್ರೊಮ್ಯಾಟೊಲೈಟಾ, ಸುಮ್ನೆ ಬಾಗಿದ ಕಲ್ಲಾ ಅಂತ ಬರಿಗಣ್ಣಿನಲ್ಲೇ ಹೇಳಲು ಯಾವ ಗುರುತು ನೋಡಬೇಕು? ಕೊಯ್ಯಿಸಲೇಬೇಕು ಅಂದರೆ ಉಬ್ಬಿಗೆ ಉದ್ದಕ್ಕಾ, ಅಡ್ಡಕ್ಕಾ?