ಅಮ್ಮನ ಜೊತೆ ಮಾಸಾಯಿ ಮಾರಾ: ಎರಡು ರಾತ್ರಿ ಸಾಕಾ?

ಆಗಸ್ಟ್‌ನಲ್ಲಿ ಅಮ್ಮನನ್ನು ಕೀನ್ಯಾದ ಮಾಸಾಯಿ ಮಾರಾ ವನ್ಯಧಾಮಕ್ಕೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಅವರಿಗೆ 66 ವರ್ಷ, ಸೊಂಟ ನೋವಿದೆ. ವಿಲ್ಡೆಬೀಸ್ಟ್ (ದನದಂತೆ ಕಾಣುವ ದೊಡ್ಡ ಹುಲ್ಲೆ) ಹಿಂಡು ಮಾರಾ ನದಿ ದಾಟೋದನ್ನು ಕಣ್ಣಾರೆ ನೋಡಬೇಕು ಅನ್ನೋದು ಅವರ ಬಹಳ ದಿನದ ಆಸೆ. ಎರಡು ರಾತ್ರಿ ಸಾಕಾ? ನೈರೋಬಿಯಿಂದ ರಸ್ತೆಯೋ, ವಿಮಾನವೋ?

ಉತ್ತರ 1:
ಸಾಲದು, ನಾಲ್ಕು ರಾತ್ರಿ ಇಟ್ಟುಕೊಳ್ಳಿ. ನಾವು ಮೊದಲ ದಿನ ದಂಡೆಯಲ್ಲಿ ಮೂರು ಗಂಟೆ ಕಾದೆವು. ಮುಂದಿದ್ದ ಪ್ರಾಣಿ ನೀರಿಗೆ ಮೂತಿ ತಾಗಿಸಿತು, ಸುಮ್ನೆ ನಿಂತಿತು, ತಿರುಗಿ ನಡೆಯಿತು. ಇಡೀ ಹಿಂಡೇ ವಾಪಸ್! ಮೂರನೇ ದಿನ ಒಂದು ಧುಮುಕಿತು ನೋಡಿ, ಅದರ ಹಿಂದೆ ಸಾಲುಸಾಲು. ಧೂಳು, ಗೊರಸಿನ ಸದ್ದು, ತಾಯಿಯನ್ನು ಹುಡುಕಿ ಕೂಗುವ ಒದ್ದೆ ಮರಿ. ನನಗೆ ಕಣ್ಣು ತುಂಬಿ ಬಂತು. ಒಂದು ಮಾತು: ಗೈಡ್ ಗಾಡಿಯನ್ನು ದೂರ ನಿಲ್ಲಿಸಿದರೆ ಹತ್ತಿರ ಹೋಗಿ ಅಂತ ಒತ್ತಾಯ ಮಾಡಬೇಡಿ. ದಾರಿಗೆ ಅಡ್ಡ ನಿಂತರೆ ಅವು ಹೆದರಿ ಹಿಂದೆ ಸರಿಯುತ್ತವೆ.

ಉತ್ತರ 2:
ಸೊಂಟ ನೋವು ಅಂದರೆ ವಿಮಾನವೇ ಸರಿ. ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಒಂದು ಗಂಟೆಯೊಳಗೆ ತಲುಪುತ್ತೀರಿ, ರಸ್ತೆಯಲ್ಲಾದರೆ ಐದಾರು ಗಂಟೆ. ಲಗೇಜ್ ಸಾಮಾನ್ಯವಾಗಿ 15 ಕೆಜಿ ಮಾತ್ರ, ಅದೂ ಮೆತ್ತನೆಯ ಬ್ಯಾಗ್. ಪ್ಲಾಸ್ಟಿಕ್ ಕವರ್ ಬೇಡ, 2017ರಿಂದ ನಿಷೇಧ. ಹಳದಿ ಜ್ವರದ ಲಸಿಕೆ ಹೊರಡುವ 10 ದಿನ ಮೊದಲೇ ಆಗಬೇಕು. 60 ದಾಟಿದವರಿಗೆ ಅಪಾಯ ಸ್ವಲ್ಪ ಜಾಸ್ತಿ, ಮೊದಲು ಡಾಕ್ಟರನ್ನು ಕೇಳಿ.

ಪ್ರಶ್ನೆ ಕೇಳಿದವರು:
ಲಸಿಕೆ ವಿಷಯ ತಲೆಗೇ ಬಂದಿರಲಿಲ್ಲ, ತುಂಬಾ ಥ್ಯಾಂಕ್ಸ್. ನಾಳೆಯೇ ಡಾಕ್ಟರ ಹತ್ತಿರ ಹೋಗುತ್ತೇವೆ. ನಾಲ್ಕು ರಾತ್ರಿ ಅಂದಿದ್ದಕ್ಕೆ ಅಮ್ಮ ಈಗಲೇ ಬೈನಾಕ್ಯುಲರ್ ಒರೆಸುತ್ತಾ ಕೂತಿದ್ದಾರೆ.