ಹತ್ತಿ ಬೀಜಕ್ಕೆ ಮನೇಲೂ ಔಷಧಿ ಹಚ್ಚಬೇಕಾ? ಮಾಡಿ ನೋಡಿದವರು ಹೇಳಿ

ಕೇಳಿದವರು, ಶಿಕಾರಿಪುರ ತಾಲೂಕು
ಹತ್ತು ವರ್ಷದಿಂದ ಬರೀ ಮೆಕ್ಕೆಜೋಳ. ಈ ಸಲ ಎರಡು ಎಕರೆ ಬಿಟಿ ಹತ್ತಿ ಹಾಕೋಣ ಅಂತಿದೀವಿ. ಪಕ್ಕದ ಹೊಲದವರದ್ದು ಹೋದ ವರ್ಷ ನಾಲ್ಕೆಲೆ ಬರೋಷ್ಟರಲ್ಲಿ ಮುದುರಿ ಕೂತಿತ್ತು. ಅಂಗಡಿಯವರು ಬೀಜದ ಜೊತೆ ಇಮಿಡಾಕ್ಲೋಪ್ರಿಡ್ ಅನ್ನೋ ಕೀಟನಾಶಕದ ಒಂದು ಬಾಟಲಿನೂ ಕಟ್ಟಿ, "ಹಚ್ಚಿ ಬಿತ್ತಿ, ಎರಡು ತಿಂಗಳು ಹೊಲದ ಕಡೆ ತಿರುಗಿ ನೋಡೋದು ಬೇಡ" ಅಂದ್ರು. ನಂಬಬಹುದಾ?

ಶಿರಾಳಕೊಪ್ಪ ಕಡೆಯವರು
ಅಣ್ಣ, ಬಾಟಲಿ ಆಮೇಲೆ. ಮೊದ್ಲು ಪ್ಯಾಕೆಟ್ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ. ಬಿಟಿ ಹತ್ತಿ ಬೀಜಕ್ಕೆ ಸಾಮಾನ್ಯವಾಗಿ ಕಂಪನಿಯವರೇ ಕೀಟನಾಶಕ ಲೇಪಿಸಿ ಕಳಿಸ್ತಾರೆ. ಬಣ್ಣ ಇದೆ ಅಂತ ಅಷ್ಟಕ್ಕೇ ನಂಬಬೇಡಿ, ಬರೀ ಶಿಲೀಂಧ್ರನಾಶಕ ಹಚ್ಚಿದ ಬೀಜಕ್ಕೂ ಬಣ್ಣ ಇರುತ್ತೆ. ಇಮಿಡಾಕ್ಲೋಪ್ರಿಡ್ ಅಥವಾ ಥಯಾಮೆಥಾಕ್ಸಾಮ್ ಅಂತ ಬರೆದಿದ್ರೆ ಕೆಲಸ ಆಗಿದೆ ಅಂತ ಅರ್ಥ. ನಾನು ಮೊದಲ ವರ್ಷ ಗೊತ್ತಿಲ್ಲದೆ ಅದರ ಮೇಲೇ ಮತ್ತೆ ಹಚ್ಚಿದೆ. ಸಾಲಿನಲ್ಲಿ ಅಲ್ಲಲ್ಲಿ ಹುಟ್ಟಲೇ ಇಲ್ಲ, ಸಂದು ತುಂಬೋಕೆ ಇನ್ನೊಂದು ಪ್ಯಾಕೆಟ್ ತಂದೆ. ಔಷಧಿ ಹೆಚ್ಚಾಗಿಯೋ, ನೀರಲ್ಲಿ ಕಲಸಿ ನೆನೆದು ಸಿಪ್ಪೆ ಬಿಟ್ಟೋ, ದುಡ್ಡಂತೂ ಹೋಯ್ತು.

ಹಚ್ಚದ ಬೀಜ ಆದ್ರೆ ಮಾತ್ರ ಬಾಟಲಿ ಲೆಕ್ಕ. ಥಯಾಮೆಥಾಕ್ಸಾಮ್ 30 ಎಫ್‌ಎಸ್ ಆದ್ರೆ ಕಿಲೋ ಬೀಜಕ್ಕೆ 10 ಮಿ.ಲೀ. ಎಫ್‌ಎಸ್ ಅಂತ ಇರೋದೇ ಬೀಜಕ್ಕೆ. ಅದೇ ಹೆಸರಿನ ಸಿಂಪಡಿಸೋ ಬಾಟಲಿನೂ ಅಂಗಡಿಯಲ್ಲಿ ಪಕ್ಕದಲ್ಲೇ ಇರುತ್ತೆ, ನಿಮಗೆ ಕೊಟ್ಟಿದ್ದು ಯಾವುದು ನೋಡಿ.

ಸೊರಬದಿಂದ
"ಎರಡು ತಿಂಗಳು ನೋಡೋದು ಬೇಡ" ಅನ್ನೋದು ಸುಳ್ಳು ಮಾರಾಯ್ರೇ. ಈ ಔಷಧಿ ಬೇರಿನಿಂದ ಏರಿ ಎಲೆ ರಸಕ್ಕೆ ಸೇರುತ್ತೆ, ರಸ ಹೀರೋ ಹೇನು, ಜಿಗಿಹುಳು, ಥ್ರಿಪ್ಸ್ ನುಸಿ ಅದನ್ನ ಕುಡಿದು ಸಾಯ್ತವೆ. ಗಿಡ ದೊಡ್ಡದಾದಂತೆ ಔಷಧಿ ತೆಳ್ಳಗಾಗುತ್ತೆ. ಒಂದು ತಿಂಗಳು, ಬಹಳ ಅಂದ್ರೆ ನಲವತ್ತು ದಿನ. ನಮ್ಮ ಕಡೆ ಮಳೆ ಹಿಡಿದು ಹೊಯ್ದರೆ ಅಷ್ಟೂ ಬರಲ್ಲ. ಕಾಯಿಕೊರಕಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಬಿಟಿ ಇರೋದು ಅದಕ್ಕೆ. ರಸ ಹೀರೋ ಹುಳಕ್ಕೆ ಬಿಟಿ ಏನೂ ಮಾಡಲ್ಲ.

ಇಪ್ಪತ್ತು ದಿನ ದಾಟಿದ ಮೇಲೆ ವಾರಕ್ಕೊಂದು ಸಲ ಬೆಳಗ್ಗೆ ಹೋಗಿ ಎಲೆ ಮಗುಚಿ ನೋಡಿ. ಅಡಿಯಲ್ಲಿ ತಿಳಿ ಹಸಿರಿನ ಸಣ್ಣ ಹುಳ ಏಡಿ ಥರ ಅಡ್ಡಡ್ಡ ಓಡಿದ್ರೆ ಜಿಗಿಹುಳು. ಎಲೆಗೆ ಎರಡು ಸಿಕ್ಕರೆ ಸಿಂಪಡಣೆ ಯೋಚನೆ ಮಾಡಿ. ಆದ್ರೆ ಮತ್ತೆ ಇಮಿಡಾಕ್ಲೋಪ್ರಿಡ್ಡನ್ನೇ ಹೊಡೀಬೇಡಿ. ಬೀಜಕ್ಕೂ ಅದೇ, ಎಲೆಗೂ ಅದೇ ಅಂದ್ರೆ ಹುಳ ಅದಕ್ಕೆ ಜಗ್ಗಲ್ಲ. ಬೇರೆ ಗುಂಪಿನದು ಕೇಳಿ ತಗೊಳ್ಳಿ.

ಇನ್ನೊಂದು. ಎಲೆ ಕೆಂಪಾದ ತಕ್ಷಣ ಹುಳ ಅಂತ ಓಡಬೇಡಿ. ಅಂಚಿನಿಂದ ಹಳದಿ ತಿರುಗಿ, ಕೆಳಗೆ ಮಡಚಿ ಕೆಂಪಾದ್ರೆ ಜಿಗಿಹುಳು. ನರ ಹಸಿರಾಗೇ ಇದ್ದು ನಡುವೆ ಮಾತ್ರ ಕೆಂಪಾದ್ರೆ ಮೆಗ್ನೀಸಿಯಂ ಕಡಿಮೆ. ನಾನು ಆ ಗುರುತು ತಿಳಿಯದೆ ಎರಡು ಸಲ ಔಷಧಿ ಹೊಡೆದಿದೀನಿ, ಮೂರನೇ ಸಲ ಕೃಷಿ ವಿಜ್ಞಾನ ಕೇಂದ್ರಕ್ಕೆ ಎಲೆ ತಗೊಂಡು ಹೋದೆ.

ಶಿಕಾರಿಪುರ ಪಕ್ಕದ ಊರಿನ ಅಕ್ಕ
ತಮ್ಮಾ, ನಮ್ಮತ್ತೆ ಕಾಲದಲ್ಲಿ ಹತ್ತಿಬೀಜಕ್ಕೆ ಸಗಣಿ ರಾಡಿ, ಬೂದಿ ಹಾಕಿ ತಿಕ್ಕಿ ಬಿತ್ತೋರು. ಅದು ಹುಳಕ್ಕಲ್ಲ, ಬೀಜದ ಮೇಲಿನ ನೂಲು ಕೂತು ಬೀಜ ಒಂದಕ್ಕೊಂದು ಅಂಟದೆ ಬೀಳಲಿ ಅಂತ. ಅದೇ ರೂಢಿಯಲ್ಲಿ ಈಗಲೂ ಬೀಜ ಊರೋ ಹೆಂಗಸರು ಬರಿಗೈಲಿ ಹಿಡೀತಾರೆ. ನನ್ನ ಬೆರಳು ಸಂಜೆವರೆಗೂ ಗುಲಾಬಿ, ಅದೇ ಕೈಲಿ ಬದುವಿನ ಮೇಲೆ ಕೂತು ರೊಟ್ಟಿ ಮುರಿದಿದ್ದೆ. ಆಮೇಲೆ ಗೊತ್ತಾಗಿ ಹೊಟ್ಟೆ ತೊಳೆಸಿದಂಗಾಯ್ತು. ಆಳುಗಳಿಗೆ ಕೈಗವಸು ಕೊಡು, ಸೋಪು ನೀರು ಬದುವಿನಲ್ಲೇ ಇಡು. ಮಿಕ್ಕ ಬೀಜ ಅಂಗಳದಲ್ಲಿ ಬಿಡಬೇಡ, ನಮ್ಮನೆ ಎರಡು ಹೇಂಟೆ ಅದನ್ನೇ ಹೆಕ್ಕಿ ಕತ್ತು ವಾಲಿಸಿ ಬಿದ್ದವು. ಹಿಂಡಿ, ಪಶು ಆಹಾರಕ್ಕಂತೂ ಸೇರಿಸಲೇಬೇಡ.

ಶಿವಮೊಗ್ಗ ಹತ್ತಿರ, ಮೆಕ್ಕೆಜೋಳದವರು
ನಾನು ಹತ್ತಿ ಮಾಡಿಲ್ಲ, ಆದ್ರೂ ಹೇಳ್ತೀನಿ. 2018ರ ಮೇ ತಿಂಗಳಲ್ಲಿ ಫಾಲ್ ಆರ್ಮಿವರ್ಮ್ ಅನ್ನೋ ಹೊಸ ಸೈನಿಕ ಹುಳ ದೇಶದಲ್ಲೇ ಮೊದಲು ಕಂಡಿದ್ದು ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಆಮೇಲೆ ಸಯಾಂಟ್ರಾನಿಲಿಪ್ರೋಲ್ ಅನ್ನೋ ಕೀಟನಾಶಕ ಸೇರಿದ ಬೀಜೋಪಚಾರ ಬಂತು. ಮೊದಲ ಎರಡು ಮೂರು ವಾರ ಸುಳಿ ಚೆಂದ ಉಳೀತು. "ಬೀಜಕ್ಕೆ ಹಚ್ಚಿದೀನಲ್ಲ" ಅಂತ ಧೈರ್ಯದಲ್ಲಿ ಕೂತೆ, ನಾಲ್ಕನೇ ವಾರ ಸುಳಿ ಬಿಡಿಸಿದ್ರೆ ಮರದ ಪುಡಿ ಥರ ಹಿಕ್ಕೆ. ಬೆಳೆ ಬೇರೆ, ಹುಳ ಬೇರೆ, ನಾವು ಮೋಸ ಹೋಗೋ ರೀತಿ ಒಂದೇ.

ಕೇಳಿದವರು
ಎಲ್ರಿಗೂ ದೊಡ್ಡ ಉಪಕಾರ. ಪ್ಯಾಕೆಟ್ ಹಿಂದೆ ಓದಿದೆ, ಇಮಿಡಾಕ್ಲೋಪ್ರಿಡ್ ಅಂತಲೇ ಇದೆ. ಬಾಟಲಿ ತೆಗೆದು ನೋಡಿದ್ರೆ ಸಿಂಪಡಣೆಯದು, ಎಫ್‌ಎಸ್ ಅಲ್ಲ. ಸೀಲ್ ಒಡೆದಿಲ್ಲ, ನಾಳೆ ವಾಪಸ್ ತಗೋತಾರಾ ಕೇಳಿ ಬರ್ತೀನಿ. ಅಕ್ಕಾ, ಕೈಗವಸು ಅದೇ ಅಂಗಡಿಯಲ್ಲಿ ಸಿಗುತ್ತಾ?

ಶಿಕಾರಿಪುರ ಪಕ್ಕದ ಊರಿನ ಅಕ್ಕ
ಮೆಡಿಕಲ್ ಶಾಪಲ್ಲಿ ಕೇಳು. ಆಳಿಗೆ ಎರಡು ಜೊತೆ ತಗೋ, ಮಧ್ಯಾಹ್ನದೊಳಗೆ ಒಂದು ಹರಿಯುತ್ತೆ.