60 ಎಕರೆ ಗೋಮಾಳ: ಸಸಿ ನೆಡುವುದೋ, ಹುಲ್ಲು ಉಳಿಸುವುದೋ?

ಎರೆಹೊಲ:
ಕೊಪ್ಪಳ ಕಡೆಯ ಗ್ರಾಮ ಪಂಚಾಯಿತಿ. 60 ಎಕರೆ ಗೋಮಾಳ, ಕೆಂಪು ಮರಳುಗಲ್ಲಿನ ನೆಲ. ಅರ್ಧಕ್ಕೆ ಬಳ್ಳಾರಿ ಜಾಲಿ ಹಬ್ಬಿದೆ, ಉಳಿದರ್ಧದಲ್ಲಿ ಹುಲ್ಲಿದೆ. ಕಾರ್ಬನ್ ಕ್ರೆಡಿಟ್ (ಮರ ಹೀರಿಕೊಂಡ ಇಂಗಾಲದ ಲೆಕ್ಕ ಮಾರುವ) ಕಂಪನಿಯೊಂದು ಪೂರ್ತಿ ಜಾಗದಲ್ಲಿ ಸಸಿ ನೆಟ್ಟು ಬೇಲಿ ಹಾಕುತ್ತೇವೆ ಎನ್ನುತ್ತಿದೆ. ಗ್ರಾಮಸಭೆ ಮುಂದಿನ ತಿಂಗಳು. ಹವಾಮಾನಕ್ಕೂ ಕೃಷ್ಣಮೃಗ, ಹಕ್ಕಿಗಳಿಗೂ ಒಟ್ಟಿಗೆ ಒಳ್ಳೆಯದಾಗುವ ದಾರಿ ಯಾವುದು? ಜಾಲಿ ತೆಗೆಯುವುದು ಹೇಗೆ?

ಬಯಲುಹುಲ್ಲು:
ಹುಲ್ಲಿರುವ ಅರ್ಧಕ್ಕೆ ಸಸಿ ಬೇಡವೇ ಬೇಡ. ಹುಲ್ಲುಗಾವಲಿನ ಇಂಗಾಲ ಬಹುಪಾಲು ಇರುವುದು ಬೇರು ಮತ್ತು ಮಣ್ಣಿನಲ್ಲಿ. ಬೇಸಿಗೆಯಲ್ಲಿ ಬೆಂಕಿ ಬಿದ್ದರೂ ಅದು ಅಲ್ಲೇ ಉಳಿಯುತ್ತದೆ, ನೆಡುತೋಪು ಸುಟ್ಟರೆ ಮರದಲ್ಲಿದ್ದದ್ದು ಹೊಗೆಯಾಗಿ ಹೋಗುತ್ತದೆ. ಎಕರೆಗೆ ನೂರಾರು ಗುಂಡಿ ತೋಡಿದರೆ, ಜೆಸಿಬಿಯಲ್ಲಿ ಕಂದಕ ಹೊಡೆದರೆ ಮಣ್ಣಿನ ಇಂಗಾಲವೇ ಮೊದಲು ಹೊರಬೀಳುತ್ತದೆ.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ನೋಡಿ. ಹುಲ್ಲುಬಯಲಿನಲ್ಲಿ ನೀಲಗಿರಿ ನೆಟ್ಟರು, ಬಯಲು ಮುಚ್ಚಿತು. ಒಂದು ಕಾಲಕ್ಕೆ ಅಲ್ಲಿದ್ದ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ) ಈಗ ಕಾಣಸಿಗುವುದಿಲ್ಲ. ಹವಾಮಾನದ ಐಪಿಸಿಸಿ, ಜೀವವೈವಿಧ್ಯದ ಐಪಿಬಿಇಎಸ್ ತಜ್ಞರು 2021ರಲ್ಲಿ ಜೊತೆಯಾಗಿ ಕೊಟ್ಟ ವರದಿಯೂ ಇದನ್ನೇ ಎಚ್ಚರಿಸಿದೆ: ಹಿಂದೆ ಕಾಡಿರದ ಜಾಗದಲ್ಲಿ ಕಾಡು ಬೆಳೆಸಹೊರಟರೆ ಜೀವವೈವಿಧ್ಯಕ್ಕೆ ಪೆಟ್ಟು.

ತೊಡಕಿರುವುದು ಲೆಕ್ಕ ಹಿಡಿಯುವ ರೀತಿಯಲ್ಲಿ. ಕಾಮಗಾರಿಯಲ್ಲಿ ಗುಂಡಿ ಎಣಿಸಿ ಬಿಲ್ ಆಗುತ್ತದೆ, ವನಮಹೋತ್ಸವದಲ್ಲಿ ಸಸಿ ಎಣಿಸಿ ವರದಿ ಆಗುತ್ತದೆ. ಹುಲ್ಲನ್ನು ಎಣಿಸಲಾಗದು, ಹಾಗಾಗಿ ಅದು ದಾಖಲೆಯಲ್ಲಿ 'ಪಾಳು'. ಗ್ರಾಮಸಭೆ ಮೊದಲು ಬದಲಾಯಿಸಬೇಕಾದ್ದು ಈ ಪದವನ್ನು.

ಜಾಲಿಬುಡ:
ಜಾಲಿಗೆ ಬರುತ್ತೇನೆ. ನೆಲಮಟ್ಟಕ್ಕೆ ಕಡಿದರೆ ಒಂದು ಕಾಂಡದ ಜಾಗದಲ್ಲಿ ಹಲವು ಚಿಗುರು ಬಂದು ಪೊದೆ ಮೊದಲಿಗಿಂತ ದಟ್ಟವಾಗುತ್ತದೆ. ಚಿಗುರುವ ಮೊಗ್ಗುಗಳಿರುವುದು ನೆಲದೊಳಗೆ, ಕಾಂಡ ಬೇರಿಗೆ ಸೇರುವಲ್ಲಿ. ಒಂದೆರಡು ಮಳೆ ಬಿದ್ದು ನೆಲ ಮೆತ್ತಗಾದಾಗ ಬುಡ ಬಿಡಿಸಿ, ಸುಮಾರು 30 ಸೆಂ.ಮೀ. ಆಳದಲ್ಲಿ ತಾಯಿಬೇರು ಕಡಿದು ಬುಡವನ್ನು ಪೂರ್ತಿ ಎತ್ತಬೇಕು. ದಪ್ಪ ಬುಡಗಳಿಗೆ ಮಾತ್ರ ಜೆಸಿಬಿ ಬಳಸಿ. ಎಲ್ಲ ಕಡೆ ಓಡಿಸಿದರೆ ಕೆದಕಿದ ಮಣ್ಣಿನಲ್ಲಿ ಮೊದಲು ಏಳುವುದು ಪಾರ್ಥೇನಿಯಂ.

ಮೂವತ್ತೂ ಎಕರೆ ಒಮ್ಮೆಗೇ ಬೋಳಿಸಬೇಡಿ. ವರ್ಷಕ್ಕೆ 5–6 ಎಕರೆ ಸಾಕು. ಬರಿದಾದ ನೆಲ ಮೊದಲ ಜೋರು ಮಳೆಗೇ ಕೊಚ್ಚಿಹೋಗುತ್ತದೆ. ಜೊತೆಗೆ ಜಾಲಿ ಸೌದೆ, ಇದ್ದಿಲಿನಿಂದ ಬದುಕುವ ಮನೆಗಳಿರುತ್ತವೆ. ಕಡಿಯುವ ಕೂಲಿ, ಸೌದೆ ಎರಡೂ ಅವರಿಗೇ ಸಲ್ಲಲಿ.

ತೆಗೆದ ಜಾಗಕ್ಕೆ ಅದೇ ಮುಂಗಾರಿನಲ್ಲಿ ಹುಲ್ಲಿನ ಬೀಜ ಬೀಳಬೇಕು. ಪಕ್ಕದ ಹುಲ್ಲಿನಿಂದಲೇ ಹಿಂದಿನ ವರ್ಷದ ಅಕ್ಟೋಬರ್–ನವೆಂಬರಿನಲ್ಲಿ ಬೀಜ ಉದುರಿಸಿಕೊಳ್ಳಿ. ಅಂಜನ ಹುಲ್ಲಾದರೆ ಎಕರೆಗೆ ಸುಮಾರು 2 ಕೆಜಿ. ಹೊಸ ಬೀಜ ಸರಿಯಾಗಿ ಮೊಳೆಯುವುದಿಲ್ಲ, ಆರು ತಿಂಗಳು ಒಣ ಜಾಗದಲ್ಲಿಡಿ. ಹಗುರ ಬೀಜ, ಗಾಳಿಗೆ ಹಾರುತ್ತದೆ. ಜೇಡಿಮಣ್ಣು, ಸಗಣಿಯಲ್ಲಿ ಕಲಸಿ ಸಣ್ಣ ಉಂಡೆ ಕಟ್ಟಿ ಚೆಲ್ಲಿ. 1 ಸೆಂ.ಮೀ.ಗಿಂತ ಆಳ ಹೋದರೆ ಮೇಲೇಳದು.

ಕೆಲಸ ಕೆಡುವುದು ಸಾಮಾನ್ಯವಾಗಿ ಎರಡನೇ ವರ್ಷ. ಜಾಲಿಕಾಯಿ ತಿಂದ ದನದ ಸಗಣಿಯಲ್ಲಿ ಬೀಜ ಜೀವಂತವಾಗಿಯೇ ಬರುತ್ತದೆ. ಕಾಯಿ ಉದುರುವ ಕಾಲದಲ್ಲಿ ಜಾಲಿ ಮೇಯ್ದ ದನಗಳನ್ನು ಹೊಸ ಹುಲ್ಲಿಗೆ ಬಿಡಬೇಡಿ. ಕನಿಷ್ಠ ಮೂರು ಮಳೆಗಾಲ ಜಾಲಿ ಸಸಿಗಳನ್ನು ಎಳೆಯದರಲ್ಲೇ ಕೀಳಲೇಬೇಕು.

ಕುರಿಹಾದಿ:
ಬೇಲಿಯ ಬಗ್ಗೆ ನನ್ನ ತಕರಾರಿದೆ. ಬೇಲಿ ಬಿದ್ದರೆ ದನವಿರುವ ಬಡವರ ಮೇವು ಹೋಯಿತು, ಸಂಚಾರಿ ಕುರಿಗಾಹಿಗಳ ದಾರಿ ಕಟ್ಟಾಯಿತು. ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಪಡೆಯುವ ರೈತರಿಗೂ ನಷ್ಟ. ಬೇಲಿಯ ಬದಲು ಕಟ್ಟುಪಾಡು ಮಾಡಿ: 15 ಎಕರೆಯ ನಾಲ್ಕು ತುಂಡು, ಸರದಿಯಂತೆ ಒಂದು ತುಂಡಿಗೆ ಜೂನ್‌ನಿಂದ ಬೀಜ ಉದುರುವವರೆಗೆ ಮೇಯಿಸುವಿಕೆ ಬಂದ್. ಆಮೇಲೆ ನೆಲದಿಂದ 10 ಸೆಂ.ಮೀ. ಬಿಟ್ಟು ಕೊಯ್ದು ಹಂಚಿಕೊಳ್ಳಿ. ಈ ಮಾತು ಕುರಿಗಾಹಿಗಳನ್ನು ಕೂರಿಸಿಕೊಂಡೇ ಆಗಬೇಕು. ಅವರಿಲ್ಲದ ಸಭೆಯ ನಿಯಮ ಒಂದು ಹಂಗಾಮೂ ಬಾಳದು.

ಎರೆಹೊಲ:
ಧನ್ಯವಾದ. ಆದರೆ ನೆರಳಿಗೆ, ಮೇವಿಗೆ ಮರ ಬೇಕೆನ್ನುವವರೂ ಇದ್ದಾರೆ. ಕಂಪನಿಗೆ ಯಾವ ಆಧಾರದಲ್ಲಿ ಬೇಡ ಎನ್ನುವುದು?

ಬಯಲುಹುಲ್ಲು:
ಮರ ಬೇಕು, ಹುಲ್ಲಿನ ಮೇಲೆ ಬೇಡ ಅಷ್ಟೇ. ಹೊಲದ ಬದು, ಹಳ್ಳದ ದಂಡೆ, ಶಾಲೆ, ಹಳೆಯ ಗುಂಡುತೋಪು: ಇಲ್ಲಿ ಹೊಂಗೆ, ಬೇವು, ಬನ್ನಿ, ಹುಣಸೆ ಹಾಕಿ.

ಗೋಮಾಳ ಸರ್ಕಾರಿ ಜಮೀನು, ಅದನ್ನು ಕಂಪನಿಗೆ ಬರೆದುಕೊಡುವ ಅಧಿಕಾರ ಪಂಚಾಯಿತಿಗಿಲ್ಲ. ಕರ್ನಾಟಕ ಭೂಕಂದಾಯ ನಿಯಮಗಳು 1966ರ 97ನೇ ನಿಯಮದಲ್ಲಿ 100 ಜಾನುವಾರಿಗೆ 30 ಎಕರೆ ಮೇವಿನ ಜಾಗದ ಲೆಕ್ಕವಿದೆ. ಅಂದರೆ 60 ಎಕರೆ 200 ಜಾನುವಾರಿಗೆ. ಪಶು ಆಸ್ಪತ್ರೆಯಿಂದ ಊರಿನ ಜಾನುವಾರು ಗಣತಿ ತಂದು ಸಭೆಯಲ್ಲಿ ಓದಿ. ಸಂಖ್ಯೆ ಅದಕ್ಕಿಂತ ಹೆಚ್ಚಿದ್ದರೆ ಒಂದು ಎಕರೆ ಬಿಡಲೂ ಜಾಗವಿಲ್ಲ. ನಿಮ್ಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಕಾಗದದಲ್ಲಷ್ಟೇ ಇದ್ದರೆ ಈಗಲೇ ಸಭೆ ಕರೆಸಿ, ಅಲ್ಲಿನ ಹುಲ್ಲು, ಹಕ್ಕಿ, ತೋಳ, ಕೃಷ್ಣಮೃಗಗಳನ್ನು ಜನತಾ ಜೀವವೈವಿಧ್ಯ ದಾಖಲಾತಿಗೆ ಸೇರಿಸಿ. ಠರಾವಿನಲ್ಲಿ 'ಪಾಳು ಜಮೀನು' ಎಂದು ಬರೆಯದೆ 'ನೈಸರ್ಗಿಕ ಹುಲ್ಲುಗಾವಲು' ಎಂದೇ ಬರೆಸಿ, ಪ್ರತಿಯನ್ನು ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.